ಗಾಜಿಗೆ ಇಟ್ಟ ದೃಷ್ಟಿಬೊಟ್ಟು

ಯಾರಾದರೂ ನನ್ನನ್ನು ‘ಫೋಟೋದವರ ಹೆಂಡತಿ’ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೆಂಡತಿ ಹೌದು, ಆದರೆ ಫೋಟೋದವಳು ನಾನೇ. ನಮ್ಮ ಯಜಮಾನರು ಹೊನ್ನಾಳಿ ಬಸ್ ಸ್ಟ್ಯಾಂಡ್ ಹತ್ತಿರದ ನಮ್ಮ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂತು ಪಾಸ್‌ಪೋರ್ಟ್ ಸೈಜ್ ತೆಗೆಯುತ್ತಾರೆ, ಜೆರಾಕ್ಸ್ ಹೊಡೆಯುತ್ತಾರೆ, ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಹಾಕಿಕೊಡುತ್ತಾರೆ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಚನ್ನಗಿರಿ, ನ್ಯಾಮತಿ, ಜಗಳೂರು ಅಂತ ಬಸ್ಸಿನಲ್ಲಿ ಅಲೆಯುವವಳು ನಾನು. ಸೀಮಂತ, ತೊಟ್ಟಿಲು, ಅರಿಶಿಣ ಹಚ್ಚುವ ಶಾಸ್ತ್ರ, ಇಂಥ ಹೆಂಗಸರ ಕಾರ್ಯಗಳಿಗೆ ಫೋಟೋ ತೆಗೆಯೋಕೆ ಹೆಂಗಸೇ ಬರಲಿ ಅನ್ನುವವರು ಈಗ ಜಾಸ್ತಿ. ಒಳಮನೆವರೆಗೂ ಬಿಟ್ಟುಕೊಳ್ಳುತ್ತಾರೆ, ತಟ್ಟೆ ತುಂಬ ಉಪ್ಪಿಟ್ಟು ಹಾಕಿಕೊಡುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಸೆರಗಿನ ಚಿಂತೆ ಬಿಟ್ಟು ನಗುತ್ತಾರೆ. ಆವಾಗ ತೆಗೆದ ಫೋಟೋಗಳು ಚೆನ್ನಾಗಿ ಬರುತ್ತವೆ.

ಲೆನ್ಸ್ ಬೀಳುತ್ತದೆ, ಒಡೆಯುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ನಮ್ಮ ಕಡೆ ಲೆನ್ಸ್ ಹಾಳಾಗುವುದು ಬಿದ್ದು ಅಲ್ಲ, ಶುಭಕಾರ್ಯಕ್ಕೆ ಹೋಗಿ. ಅಕ್ಷತೆ ಮುಖಕ್ಕೆ ಹೊಡೆಯುತ್ತದೆ, ಅರಿಶಿಣದ ನೀರು ಎರಚುತ್ತದೆ, ಕುಂಕುಮ ಗಾಳಿಗೆ ಹಾರಿ ಬಂದು ಕೂರುತ್ತದೆ. ಸೂರಗೊಂಡನಕೊಪ್ಪದ ಗುಡಿಗೆ ಒಂದು ಲಂಬಾಣಿ ಕುಟುಂಬದ ಜೊತೆ ಹೋಗಿದ್ದಾಗ ಬೆಂಕಿಗೆ ತುಪ್ಪ ಸುರಿದು ಭೋಗ್ ಅಂತ ದೇವರ ಎಡೆ ಹಾಕಿದರು. ಆ ಜಿಡ್ಡು ಹೊಗೆ ಗಾಜಿನ ಮೇಲೆ ಕೂತಿದ್ದನ್ನು ಒರೆಸಿ ಒರೆಸಿ ನನ್ನ ಕೈ ಸೋತಿತು. ಎಲ್ಲದಕ್ಕಿಂತ ದೊಡ್ಡ ಅನಾಹುತ ಆಗಿದ್ದು ಚನ್ನಗಿರಿಯ ಒಂದು ಮದುವೆಯಲ್ಲಿ. ನನ್ನ ಲೆನ್ಸಿನ ಮೇಲೆ ಅರಿಶಿಣದ ಅಕ್ಕಿ ಅಂಟಿದ್ದನ್ನು ನೋಡಿದ ಮದುಮಗಳ ಚಿಕ್ಕಮ್ಮ, ‘ಅಯ್ಯೋ ಪಾಪ, ಕಾಣಾಕಿಲ್ಲ ನಿಮಗೆ’ ಅಂತ ಜರಿ ಸೀರೆಯ ಸೆರಗು ತಗೊಂಡು ಗಸಗಸ ಉಜ್ಜಿಬಿಟ್ಟರು. ಪ್ರೀತಿಯಿಂದಲೇ ಉಜ್ಜಿದರು, ಏನು ಅನ್ನೋದು? ಹೊಸ ಲೆನ್ಸಿಗೆ ನಡುವೆಯೇ ಗೀರು. ಅವತ್ತು ಛತ್ರದ ಹಿಂದೆ ಪಾತ್ರೆ ತೊಳೆಯುವ ಕಡೆ ನಿಂತು ಅತ್ತುಬಿಟ್ಟೆ. ಊಟಕ್ಕೂ ಹೋಗಲಿಲ್ಲ.

ಆಮೇಲೆ ದಾವಣಗೆರೆಗೆ ಹೋಗಿ ಇಬ್ಬರೂ ಫಿಲ್ಟರ್ ಹುಡುಕಿದೆವು. ಲೆನ್ಸಿನ ಮೂತಿಗೆ ತಿರುಗಿಸಿ ಹಾಕುವ ಒಂದು ದುಂಡು ಗಾಜು, ಅಷ್ಟೇ. ಏಟು ಬಿದ್ದರೆ ಅದಕ್ಕೆ ಬೀಳಲಿ, ಹಿಂದಿರುವ ಲೆನ್ಸ್ ಉಳಿಯಲಿ ಅಂತ. ಅಂಗಡಿಯಲ್ಲಿ ಹೋಟೆಲಿನ ಎರಡು ಊಟದ ಬೆಲೆಯದ್ದೂ ಇತ್ತು, ನಮ್ಮ ತಿಂಗಳ ಬಾಡಿಗೆಯ ಬೆಲೆಯದ್ದೂ ಇತ್ತು. ನೋಡಿದರೆ ಎರಡೂ ಗಾಜೇ. ನಮ್ಮ ಯಜಮಾನರು ಒಂದೊಂದನ್ನೇ ಎತ್ತಿ ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡಿ ಹಿಡಿದರು. ಅಗ್ಗದ್ದರಲ್ಲಿ ಟ್ಯೂಬ್‌ಲೈಟು ಬೆಳ್ಳಗೆ, ಕನ್ನಡಿಯಲ್ಲಿ ಕಂಡ ಹಾಗೆ ಕಾಣಿಸಿತು. ಒಳ್ಳೆಯದರಲ್ಲಿ ಮಸುಕಾಗಿ, ಹಸಿರೋ ನೇರಳೆಯೋ ಬಣ್ಣದಲ್ಲಿ ಕಂಡೂ ಕಾಣದ ಹಾಗಿತ್ತು. ‘ಬೆಳಕನ್ನ ವಾಪಸ್ ಎಸೆಯೋ ಗಾಜು ದೀಪದ ಮುಂದೆ ಮೋಸ ಮಾಡ್ತೈತೆ, ಫೋಟೋದಾಗೆ ಇಲ್ಲದ ದೀಪ ಮೂಡಿಸ್ತೈತೆ’ ಅಂದರು. ಕೊನೆಗೆ ಎರಡು ತಗೊಂಡೆವು. ಆರತಿ, ದೀಪ, ಸ್ಟೇಜಿನ ಲೈಟು ಇದ್ದರೆ ಹಾಕಲು ಸುಮಾರಾದ್ದೊಂದು. ಅಕ್ಷತೆ, ಅರಿಶಿಣ, ಜಗಳೂರು ಕಡೆಯ ಕೆಂಧೂಳು ಇದ್ದರೆ ಹಾಕಲು ಅಗ್ಗದ್ದೊಂದು. ಅದಕ್ಕೆ ನಾನು ‘ಗಲಾಟೆ ಗಾಜು’ ಅಂತ ಹೆಸರಿಟ್ಟೆ. ಅದರ ಸುತ್ತಲಿನ ಲೋಹದ ಬಳೆ ಒಂದು ದರಿದ್ರ. ಸ್ವಲ್ಪ ಬಿಗಿ ತಿರುಗಿಸಿದರೂ ಕಚ್ಚಿಕೊಂಡು ಕೂತುಬಿಡುತ್ತಿತ್ತು. ಬಿಚ್ಚಬೇಕಾದರೆ ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಹಿಡಿತ ಸಿಕ್ಕಿದ ಮೇಲೆ ತಿರುಗಿಸಬೇಕು. ಅದಕ್ಕೇ ನನ್ನ ಜಡೆಗೆ ಯಾವಾಗಲೂ ರಬ್ಬರ್ ಬ್ಯಾಂಡೇ.

ಈಗ ಹೇಳುವುದು ಆ ಗಲಾಟೆ ಗಾಜಿನ ವಿಷಯ. ಅದರ ಹಿಂದೆ ಒಂದು ಕೂಸಿನ ವಿಷಯ.

ನ್ಯಾಮತಿ ಹತ್ತಿರದ ಒಂದು ಹಳ್ಳಿಯ ಹುಡುಗಿ. ಬಿಳಿಚೋಡಿಗೆ ಮದುವೆಯಾಗಿ ಹೋಗಿದ್ದಳು. ಅವಳ ಸೀಮಂತಕ್ಕೆ ನಾನೇ ಹೋಗಿದ್ದೆ. ಹಸಿರು ಬಳೆ ಹಾಕಿಸಿಕೊಂಡು ಕೂತು, ಕ್ಯಾಮೆರಾ ಕಡೆ ನೋಡು ಅಂದರೆ ನಾಲಿಗೆ ಚಾಚುವಂಥ ಹುಡುಗಿ. ಹೆಣ್ಣುಕೂಸು ಹುಟ್ಟಿತು. ತವರಿನಲ್ಲೇ ತೊಟ್ಟಿಲಿಗೆ ಹಾಕುವ ಶಾಸ್ತ್ರ ಇಟ್ಟುಕೊಂಡು ಮತ್ತೆ ನನ್ನನ್ನೇ ಕರೆದರು.

ಹೋದರೆ ಬಾಗಿಲಲ್ಲೇ ಅವಳ ಅತ್ತೆ ಮೊರ ಹಿಡಿದು ನಿಂತಿದ್ದಾರೆ. ಬಿಳಿಚೋಡಿನಿಂದ ಬೀಗರ ಕಡೆಯವರನ್ನೆಲ್ಲ ಕರೆದುಕೊಂಡು ಬಂದ ಯಜಮಾನ್ತಿ. ಬಂದವರೆಲ್ಲ ಮೊಬೈಲ್ ಆ ಮೊರದಲ್ಲಿ ಹಾಕಿ ಒಳಗೆ ಹೋಗಬೇಕು. ‘ಹಾಕ್ರಿ, ಹಾಕ್ರಿ. ಹೋಗಾಗ ತಗೊಂಡು ಹೋಗೀರಂತೆ. ಹಸಿಗೂಸಿನ ಫೋಟೋ ಹಿಡಿಯಾಕೆ ಬಿಡಲ್ಲ ನಾನು’ ಅನ್ನುತ್ತಿದ್ದರು. ಮೊರ ತುಂಬಿ ಹೋಗಿತ್ತು. ಮೊರದಲ್ಲೇ ಒಂದೊಂದಾಗಿ ರಿಂಗ್ ಆಗುತ್ತಿದ್ದವು.

ನನ್ನ ಹೆಗಲಿನ ಕ್ಯಾಮೆರಾ ನೋಡಿ ಅವರ ಹುಬ್ಬು ಗಂಟಾಯಿತು. ‘ನೀವು ತೊಟ್ಟಿಲು ತೆಗೀರಿ, ಬಂದೋರ್ನ ತೆಗೀರಿ, ಬಾಣಂತೀನ ತೆಗೀರಿ. ಕೂಸಿನ ಮುಖ ಮಾತ್ರ ಬ್ಯಾಡ್ರಿ. ವರ್ಷ ತುಂಬಾತನ ನಮ್ಮ ಮನ್ಯಾಗೆ ಫೋಟೋ ಇಲ್ಲ’ ಅಂದರು.

ಇದು ನನಗೇನೂ ಹೊಸದಲ್ಲ. ಹಸಿಗೂಸಿನ ಫೋಟೋ ತೆಗೆದರೆ ದೃಷ್ಟಿ ತಾಗುತ್ತದೆ ಅನ್ನುವವರು ಹತ್ತಾರು ಊರಲ್ಲಿ ಸಿಕ್ಕಿದ್ದಾರೆ. ಹಾಗೇ ಆಗಲಿ ಅಂದೆ. ಕೂಸಿನ ಮುಖಕ್ಕೆ ಟೋಪಿ ಇಳಿಬಿಟ್ಟಿದ್ದರು, ಮೇಲೆ ಬಿಳಿ ಬಟ್ಟೆ. ಮುತ್ತೈದೆಯರು ಸೋಬಾನೆ ಹೇಳುತ್ತಾ ಕೂಸನ್ನು ತೊಟ್ಟಿಲ ಮೇಲಿಂದ ಕೆಳಗಿಂದ ಕೈಯಿಂದ ಕೈಗೆ ದಾಟಿಸಿದ್ದು, ಸಕ್ಕರೆ ಹಂಚಿದ್ದು, ಕಡ್ಲೆಕಾಳಿಗೆ ಮಕ್ಕಳು ಮುಗಿಬಿದ್ದಿದ್ದು, ಎಲ್ಲ ತೆಗೆದೆ. ಆಲ್ಬಂ ತುಂಬುವಷ್ಟು ಆಯಿತು. ಕೂಸು ಮಾತ್ರ ಎಲ್ಲದರಲ್ಲೂ ಒಂದು ಬಟ್ಟೆಯ ಗಂಟು.

ಬಾಣಂತಿಯೊಬ್ಬಳೇ ಇರುವ ಫೋಟೋ ತೆಗೆಯಲು ಒಳಕೋಣೆಗೆ ಹೋದಾಗ ಅವಳು ನನ್ನ ಮುಂಗೈ ಹಿಡಿದುಕೊಂಡಳು. ‘ಅಕ್ಕಾ, ಒಂದೇ ಒಂದು ತೆಗೀರಿ ಅಕ್ಕಾ. ದೊಡ್ಡೋಳಾದ ಮ್ಯಾಲೆ ನೀನು ಹಿಂಗಿದ್ದೆ ನೋಡು ಅಂತ ತೋರಿಸಾಕೆ ನಂಗೆ ಬೇಕು. ನಂದು ಒಂದೂ ಇಲ್ಲ, ನಮ್ಮವ್ವನ್ನ ಕೇಳಿದ್ರೆ ನೀನು ಕರ್ರಗಿದ್ದೆ ಅಂತಾಳೆ ಅಷ್ಟೇ.’

ಕದ್ದು ತೆಗೆಯುವುದು ನನ್ನ ಜಾಯಮಾನವಲ್ಲ. ಹೋಗಿ ಅತ್ತೆಯನ್ನೇ ಕೇಳಿದೆ. ನಡುಮನೆಯಲ್ಲಿ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

‘ಅಮ್ಮಾ, ಎಲ್ಲರ ಕಣ್ಣೂ ಬೀಳಂಗಿಲ್ಲ, ಆಲ್ಬಂದಾಗೆ ಕೊನೆಗೆ ಒಂದೇ ಒಂದು ಇರ್ತೈತೆ. ನಿಮ್ಮ ಮೊಮ್ಮಗಳಲ್ವಾ, ನಿಮಗೂ ಬ್ಯಾಡ್ವಾ?’

‘ನನಗೆ ಕೂಸೇ ಐತಲ್ಲ, ಫೋಟೋ ಯಾಕೆ?’ ಅಂದರು. ಆಮೇಲೆ ಕ್ಯಾಮೆರಾ ಕಡೆ ಬೆರಳು ತೋರಿಸಿದರು. ‘ಮನುಷ್ಯರ ಕಣ್ಣಾದ್ರೆ ಒಂದ್ಸಲ ರೆಪ್ಪೆ ಬಡೀತೈತೆ. ಅದಕ್ಕೆ ರೆಪ್ಪೇನೇ ಇಲ್ಲ. ಸುಮ್ಕೆ ನೋಡ್ತಾನೇ ಇರ್ತೈತೆ. ನಂಗೆ ಅದನ್ನ ಕಂಡ್ರೆ ಆಗಲ್ಲ.’

ನನಗೆ ನಗು ಬಂತು. ನಗು ತಡೆದುಕೊಂಡು ಮುಂದಿನ ಗಾಜು ತೋರಿಸಿದೆ. ‘ಇದು ಕಣ್ಣಲ್ಲ ಅಮ್ಮಾ. ಕಣ್ಣು ಒಳಗೈತೆ. ಇದು ಬರೀ ಗಾಜು, ಅದಕ್ಕೆ ಏಟು ಬೀಳಬಾರ್ದು ಅಂತ ಅಡ್ಡ ಹಾಕಿರೋದು.’

ಅವರು ಬಗ್ಗಿ ಗಾಜನ್ನು ನೋಡಿದರು. ಅದರಲ್ಲಿ ಅವರ ಮುಖವೇ ಸಣ್ಣಗೆ ಕಾಣಿಸಿರಬೇಕು. ಅಗ್ಗದ ಗಾಜಲ್ಲವೇ, ಎಲ್ಲವನ್ನೂ ವಾಪಸ್ ಎಸೆಯುತ್ತದೆ. ಏನನ್ನಿಸಿತೋ, ‘ಹಂಗಾರೆ ಇದಕ್ಕೆ ಬೊಟ್ಟು ಇಡ್ತೀನಿ. ಇಟ್ಟ ಮ್ಯಾಲೆ ಒಂದು ತೆಗೀರಿ. ಒಂದೇ’ ಅಂದರು.

ಕೂಸಿನ ಕಾಡಿಗೆ ಡಬ್ಬಿ ತರಿಸಿದರು. ತೋರುಬೆರಳಿಗೆ ದಪ್ಪಗೆ ಕಾಡಿಗೆ ಹಚ್ಚಿಕೊಂಡು ಗಾಜಿನ ನಟ್ಟನಡುವೆ ಇಡಲು ಬಂದರು. ನಾನು ಕ್ಯಾಮೆರಾ ಹಿಂದಕ್ಕೆ ಎಳೆದುಕೊಂಡೆ. ‘ನಡುವೆ ಬ್ಯಾಡ್ರಿ ಅಮ್ಮಾ, ಕೂಸಿನ ಮುಖ ಮಂಜು ಮಂಜಾಗಿ ಬರ್ತೈತೆ. ಅಂಚಿಗೆ ಇಡ್ರಿ’ ಅಂದೆ. ‘ಹೂಂ, ಕೂಸಿಗೂ ಕೆನ್ನೆಗೇ ಅಲ್ವಾ ಇಡೋದು’ ಅಂತ ಗಾಜಿನ ಎಡ ಅಂಚಿಗೆ ಕಡಲೆಕಾಳಿನಷ್ಟು ಇಟ್ಟರು. ಸುತ್ತ ನಿಂತ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ‘ಕ್ಯಾಮೆರಾಕ್ಕೂ ಬಾಣಂತನ ಮಾಡ್ರಿ’ ಅಂದಳು ಒಬ್ಬಳು. ಅತ್ತೆಯೂ ನಕ್ಕರು. ನಾನೂ ನಕ್ಕೆ. ಸದ್ಯ, ಗಲಾಟೆ ಗಾಜು ಹಾಕಿಕೊಂಡು ಬಂದಿದ್ದೆನಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಬಟ್ಟೆ ಸರಿಸಿದರು. ಕೂಸು ಎದ್ದಿತ್ತು. ಎಡಗೆನ್ನೆಗೆ ಒಂದು ಬೊಟ್ಟು, ಅಂಗಾಲಿಗೊಂದು. ಮುಷ್ಟಿ ಗಲ್ಲದ ಹತ್ತಿರ. ಕೂಸುಗಳು ಸಾಮಾನ್ಯವಾಗಿ ಎಲ್ಲೆಲ್ಲೋ ನೋಡುತ್ತವೆ, ಕ್ಯಾಮೆರಾ ಕಡೆ ನೋಡುವಂತೆ ಮಾಡಲು ಗಿಲಕಿ ಆಡಿಸಿ, ಚಿಟಿಕೆ ಹೊಡೆದು ಸಾಕಾಗುತ್ತದೆ. ಇದು ಹಾಗಲ್ಲ. ಗಾಜಿನ ಮೇಲಿನ ಆ ಕಪ್ಪು ಬೊಟ್ಟನ್ನೇ ಕಣ್ಣರಳಿಸಿ ನೋಡಲು ಶುರು ಮಾಡಿತು. ಕ್ಯಾಮೆರಾ ಅತ್ತ ಸರಿಸಿದರೆ ಅತ್ತ, ಇತ್ತ ಸರಿಸಿದರೆ ಇತ್ತ. ಒಂದೇ ಸಲ ಒತ್ತಿದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಂಥ ಫೋಟೋ ಇನ್ನೊಂದು ಬಂದಿಲ್ಲ.

ಆಲ್ಬಂ ಕೆಲಸ ತಡವಾಯಿತು. ಮದುವೆ ಸೀಸನ್ ಬಂತು, ಪ್ರಿಂಟ್ ಹಾಕಿಸುವ ಲ್ಯಾಬಿನಲ್ಲಿ ಸಾಲು. ಅಷ್ಟರಲ್ಲಿ ಬಾಣಂತನ ಮುಗಿಸಿ ಹುಡುಗಿ ಕೂಸಿನ ಜೊತೆ ಬಿಳಿಚೋಡಿಗೆ ಹೋಗಿದ್ದಾಳೆ ಅಂತ ತಿಳಿಯಿತು. ಜಗಳೂರಿನಲ್ಲಿ ನನಗೆ ಒಂದು ಅರಿಶಿಣ ಶಾಸ್ತ್ರದ ಆರ್ಡರ್ ಇತ್ತು. ಹೋಗುವ ದಾರಿಯಲ್ಲೇ ಬಿಳಿಚೋಡಿನಲ್ಲಿ ಇಳಿದು ಆಲ್ಬಂ ಕೊಟ್ಟು ಹೋಗೋಣ ಅಂದುಕೊಂಡೆ. ಫೋನ್ ಮಾಡಿದರೆ ಎತ್ತಲಿಲ್ಲ. ಹೊಲಕ್ಕೆ ಹೋಗಿರುತ್ತಾರೆ, ಬಾಣಂತಿಯಾದರೂ ಮನೆಯಲ್ಲಿ ಇದ್ದೇ ಇರುತ್ತಾಳೆ ಅಂತ ಹೊರಟೇಬಿಟ್ಟೆ. ಬಸ್ಸಿನ ಕಿಟಕಿಗೆ ಗಾಜಿರಲಿಲ್ಲ. ಧೂಳೆಲ್ಲ ನನ್ನ ಮೇಲೆ, ಬ್ಯಾಗಿನ ಮೇಲೆ.

ಮನೆ ಹುಡುಕಿಕೊಂಡು ಹೋದೆ. ಹುಡುಗಿಯ ಗಂಡ ಕುರಿಹಟ್ಟಿಯ ಪಕ್ಕ ಕಲ್ಲಿನ ಮೇಲೆ ಕೂತಿದ್ದ. ನನ್ನನ್ನು ನೋಡಿದ, ಎದ್ದು ನಿಂತ, ‘ಬರ್ರಿ’ ಅನ್ನಲಿಲ್ಲ. ನಮ್ಮ ಕಡೆ ಶತ್ರು ಬಂದರೂ ‘ಬರ್ರಿ’ ಅನ್ನುತ್ತಾರೆ. ನನಗೆ ಅಲ್ಲೇ ಏನೋ ಅನ್ನಿಸಬೇಕಿತ್ತು. ನಾನು ನಗುನಗುತ್ತಾ ಆಲ್ಬಂ ಕವರಿನಿಂದ ತೆಗೆದುಕೊಂಡೇ ಒಳಗೆ ಕಾಲಿಟ್ಟೆ. ‘ಎಲ್ಲಿ ನಮ್ಮ ಕೂಸು?’ ಅಂತ ಕೇಳಿಬಿಟ್ಟೆ. ಕೇಳಿದ ಮೇಲೆ ಕಣ್ಣಿಗೆ ಬಿತ್ತು, ನಡುಮನೆಯ ತೊಲೆಗೆ ಜೋಲಿ ಕಟ್ಟಿದ್ದ ಹಗ್ಗ. ಜೋಲಿ ಇರಲಿಲ್ಲ. ಹಗ್ಗವನ್ನು ಮೇಲಕ್ಕೆ ಸುತ್ತಿ ಗಂಟು ಹಾಕಿದ್ದರು.

ಹುಡುಗಿ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು. ನಾಲಿಗೆ ಚಾಚುತ್ತಿದ್ದ ಹುಡುಗಿ ಅವಳೇನಾ ಅನ್ನುವ ಹಾಗಿದ್ದಳು. ಎದೆಗೆ ಬಟ್ಟೆ ಬಿಗಿದು ಕಟ್ಟಿದ್ದರು, ಹಾಲು ನಿಲ್ಲಲಿ ಅಂತ. ಆದರೂ ರವಿಕೆಯ ಮೇಲೆ ಒದ್ದೆ ಕಲೆ. ಆಲ್ಬಂ ಎಲ್ಲಿ ಬಚ್ಚಿಡಲಿ ಅಂತ ಗೊತ್ತಾಗಲಿಲ್ಲ.

ಅತ್ತೆ ಹಿತ್ತಲಿನಿಂದ ಬಂದರು. ನನ್ನ ಮುಖ ನೋಡಲಿಲ್ಲ, ಕ್ಯಾಮೆರಾ ಬ್ಯಾಗು ನೋಡಿದರು.

‘ಮತ್ತೆ ತಂದ್ಯಾ ಅದನ್ನ?’

ತೊಟ್ಟಿಲು ಶಾಸ್ತ್ರದಲ್ಲಿ ‘ರೀ’ ಹಚ್ಚಿ ಮಾತಾಡಿದ್ದವರು. ನಾನು ಬಾಯಿ ಬಿಡುವ ಮೊದಲೇ ಅವರೇ ಹೇಳಿದರು. ಕೂಸಿಗೆ ಜ್ವರ ಬಂತು, ಎದೆ ಗೊರಗೊರ ಅಂದಿತು, ಹಾಲು ಬಿಟ್ಟಿತು. ದೃಷ್ಟಿ ಆಗೈತೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಮೆಣಸಿನಕಾಯಿ ಒಲೆಗೆ ಹಾಕಿದರೆ ಘಾಟೇ ಬರಲಿಲ್ಲವಂತೆ, ಅಷ್ಟು ದೊಡ್ಡ ದೃಷ್ಟಿ. ಮತ್ತೆ ನಿವಾಳಿಸಿದರು. ಪೊರಕೆ ಸುಟ್ಟರು. ಬೆಳಗಾದ ಮೇಲೆ ಜಗಳೂರಿಗೆ ಒಯ್ದರು, ಅಲ್ಲಿಂದ ದಾವಣಗೆರೆಗೆ ಅಂದರು. ದಾರಿಯಲ್ಲೇ ಹೋಯಿತು.

‘ಎಲ್ಲರ ಮೊಬೈಲ್ ಮೊರದಾಗ್ ಹಾಕಿಸಿದೆ. ಒಬ್ಬರ ಕಣ್ಣೂ ಬೀಳಾಕೆ ಬಿಡಲಿಲ್ಲ. ಬಿದ್ದಿದ್ದು ನಿನ್ನದೊಂದೇ’ ಅಂದರು. ಆಮೇಲೆ ಧ್ವನಿ ಏರಿತು. ‘ನಾನು ನಡುವೆ ಇಡಾಕೆ ಬಂದೆ. ಅಂಚಿಗೆ ಇಡ್ರಿ ಅಂದೋಳು ಯಾರು? ಹೇಳು, ಯಾರು? ನಡುವೆ ಇಟ್ಟಿದ್ರೆ ಅದರ ಕಣ್ಣು ಮುಚ್ಚತಿತ್ತು. ಅಂಚಿಗೆ ಇಡಿಸಿ ದಾರಿ ಬಿಡಿಸಿದೆ ನೀನು.’

ಅಲ್ಲಾ, ಕೂಸಿಗೆ ಉಸಿರು ಕಟ್ಟುತ್ತಿದ್ದರೆ ಇಡೀ ರಾತ್ರಿ ಮೆಣಸಿನಕಾಯಿ ಹೊಗೆ ಹಾಕಿಕೊಂಡು ಕೂತಿದ್ದು ಯಾರು? ಅದೇ ಸಂಜೆ ಒಂದು ಆಟೋ ಹತ್ತಿಸಿದ್ದರೆ? ನಾಲಿಗೆ ತುದಿಗೆ ಬಂತು. ನಾನು ಬಾಯಿ ಬಿಗಿ ಹಿಡಿಯುವವಳಲ್ಲ, ಬಸ್ಸಿನಲ್ಲಿ ಸೀಟಿಗೆ ಜಗಳವಾಡಿ ಗೆಲ್ಲುವವಳು. ಆದರೆ ಆ ಮುದುಕಿಯ ಕೈ ನೋಡಿದೆ. ಅಂದು ಗಾಜಿಗೆ ಬೊಟ್ಟಿಟ್ಟ ಬೆರಳನ್ನು ಸೆರಗಿಗೆ ಉಜ್ಜುತ್ತಲೇ ಇದ್ದರು, ಕಾಡಿಗೆ ಇನ್ನೂ ಅಂಟಿದೆಯೇನೋ ಅನ್ನುವ ಹಾಗೆ. ನಾನು ಅದನ್ನು ಹೇಳಿದರೆ ಆಕೆ ಅಲ್ಲೇ ಬಿದ್ದು ಹೋಗುತ್ತಿದ್ದರು. ನುಂಗಿಕೊಂಡೆ.

‘ಕೊಡು ಅದನ್ನ’ ಅಂತ ಮುಂದೆ ಬಂದರು. ನಾನು ಹಿಂದೆ ಸರಿಯುತ್ತಾ ಅಂಗಳಕ್ಕೆ ಇಳಿದೆ. ಒರಳುಕಲ್ಲಿನ ಗುಂಡು ಅಂಗಳದಲ್ಲೇ ಬಿದ್ದಿತ್ತು. ‘ಆ ಕಣ್ಣು ಒಡೀತೀನಿ. ಈ ಮನ್ಯಾಗೆ ಮುಂದೆ ಕೂಸು ಉಳೀಬೇಕಾದ್ರೆ ಅದು ಒಡೀಲೇಬೇಕು.’ ಮಗ ಬಾಗಿಲ ಹತ್ತಿರ ಬಂದು ‘ಅವ್ವಾ’ ಅಂದ, ಅಷ್ಟೇ. ಮುಂದಕ್ಕೆ ಬರಲಿಲ್ಲ. ಆಕೆ ಬ್ಯಾಗಿನ ಪಟ್ಟಿ ಹಿಡಿದೇಬಿಟ್ಟರು. ನಮ್ಮ ಅನ್ನ ಆ ಬ್ಯಾಗಿನಲ್ಲಿತ್ತು.

ಆವಾಗ ನನಗೆ ಹೊಳೆಯಿತು. ‘ತಡೀರಿ ಅಮ್ಮಾ, ನೀವು ಬೊಟ್ಟು ಇಟ್ಟಿದ್ದು ಯಾವುದಕ್ಕೆ? ಆ ಗಾಜಿಗೆ ತಾನೇ? ಅದನ್ನೇ ಕೊಡ್ತೀನಿ, ಒಡೀರಿ’ ಅಂದೆ.

ಜಗಳೂರಿನ ಅರಿಶಿಣಕ್ಕೆ ಅಂತ ಅದೇ ಗಾಜು ಹಾಕಿಕೊಂಡು ಬಂದಿದ್ದೆ. ಕ್ಯಾಮೆರಾ ಹೊರಗೆ ತೆಗೆದು ತಿರುಗಿಸಿದೆ. ಬರಲಿಲ್ಲ. ದಾರಿಯ ಧೂಳು ಬಳೆಯೊಳಗೆ ಸೇರಿ ಕಚ್ಚಿಕೊಂಡಿತ್ತು. ಮತ್ತೆ ತಿರುಗಿಸಿದೆ, ಬೆರಳು ಜಾರಿತು. ‘ಸುಳ್ಳು ಹೇಳ್ತೀಯಾ?’ ಅಂತ ಆಕೆ ಗುಂಡು ಎತ್ತಿಕೊಂಡರು. ಜಡೆಯ ರಬ್ಬರ್ ಬ್ಯಾಂಡ್ ಕಿತ್ತೆ, ಕೂದಲೂ ಜೊತೆಗೆ ಬಂತು. ಬಳೆಗೆ ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದೆ. ಕಿರ್ ಅಂತ ಸದ್ದು ಮಾಡಿ ಬಿಟ್ಟಿತು. ಆಕೆಯ ಅಂಗೈ ಮೇಲೆ ಇಟ್ಟೆ.

ಆಕೆ ಅದನ್ನು ಅಂಗಳದ ಕಲ್ಲಿನ ಮೇಲೆ ಇಟ್ಟು ಗುಂಡಿನಿಂದ ಹೊಡೆದರು. ಒಂದೇ ಏಟಿಗೆ ಚೂರಾಯಿತು. ಆದರೂ ಹೊಡೆಯುತ್ತಲೇ ಇದ್ದರು, ಪುಡಿಯಾಗುವ ತನಕ, ಕೂಸಿನ ಹೆಸರು ಹಿಡಿದು ಕೂಗುತ್ತಾ. ಮೊರ ತಂದು ಪುಡಿ ಗುಡಿಸಿ ಹಾಕಿಕೊಂಡು, ‘ಮೂರು ದಾರಿ ಕೂಡೋ ಕಡೆ ಚೆಲ್ಲಿ ಬಾ, ಹಿಂತಿರುಗಿ ನೋಡಬ್ಯಾಡ’ ಅಂತ ಮಗನ ಕೈಗೆ ಕೊಟ್ಟರು. ಅದು ಮೊಬೈಲ್ ತುಂಬಿದ್ದ ಆ ಮೊರದಂಥದೇ ಒಂದು ಮೊರ.

ಆಮೇಲೆ ಆಲ್ಬಂ ಕಿತ್ತುಕೊಂಡರು. ಹಂಡೆ ಒಲೆಗೆ ಹಾಕಲು ಹೊರಟಾಗ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. ‘ಅತ್ತೆ, ಕೊನೇದೊಂದು ಬಿಡ್ರಿ ಅತ್ತೆ. ಒಂದ್ಸಲ ನೋಡಿ ಕೊಡ್ತೀನಿ.’ ಅತ್ತೆ ಕೇಳಿಸಿಕೊಳ್ಳಲಿಲ್ಲ. ಲ್ಯಾಮಿನೇಷನ್ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಹುಡುಗಿ ಒಲೆಯ ಎದುರಿಗೇ ಕೂತುಬಿಟ್ಟಳು. ಅವಳ ಪಾಲಿಗೆ ಕೂಸು ಎರಡನೇ ಸಲ ಹೋಯಿತು, ನನ್ನ ಕಣ್ಣೆದುರೇ.

ನಾನು ನೀರು ಕೇಳುವ ನೆಪದಲ್ಲಿ ಅವಳ ಪಕ್ಕ ಬಗ್ಗಿದೆ. ‘ಅಂಗಡಿ ಕಂಪ್ಯೂಟರ್‌ನಾಗೆ ಐತೆ. ತವರಿಗೆ ಹೋಗಾಗ ಹೊನ್ನಾಳಿಯಾಗೆ ಇಳಿ’ ಅಂದೆ. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಚೊಂಬು ಕೊಡುವಾಗ ನನ್ನ ಬೆರಳು ಒಮ್ಮೆ ಒತ್ತಿದಳು.

ಜಗಳೂರಿನ ಅರಿಶಿಣ ಶಾಸ್ತ್ರವನ್ನು ಬರೀ ಲೆನ್ಸಿನಲ್ಲಿ ತೆಗೆದೆ. ಹುಡುಗಿಯರು ನಗುತ್ತಾ ಅರಿಶಿಣ ಎರಚುತ್ತಿದ್ದರೆ ನಾನು ದೂರ ದೂರ ನಿಂತೆ. ಮನೆಗೆ ಬಂದು ಹೇಳಿದಾಗ ಯಜಮಾನರು ಕ್ಯಾಮೆರಾ ತಿರುಗಿಸಿ ತಿರುಗಿಸಿ ನೋಡಿ, ‘ಲೆನ್ಸಿಗೆ ಏನೂ ಆಗಿಲ್ಲ ಬಿಡು. ಗಾಜು ಅದರ ಕೆಲಸ ಮಾಡ್ತು’ ಅಂದರು. ಸಮಾಧಾನಕ್ಕೇ ಅಂದಿದ್ದು. ನಾನು ತಟ್ಟೆ ಎತ್ತಿ ಕುಕ್ಕಿದೆ. ಒಂದು ಕೂಸು ಹೋಗಿದೆ, ನಿಮಗೆ ಲೆನ್ಸಿನ ಚಿಂತೆ ಅಂತ ಬಾಯಿಗೆ ಬಂದ ಹಾಗೆ ಬೈದೆ. ಪಾಪ, ಅವರು ಬೈಸಿಕೊಳ್ಳುತ್ತಲೇ ನಾನು ಕುಕ್ಕಿದ ತಟ್ಟೆ ಎತ್ತಿಟ್ಟರು. ಮುಂದೆ ದಾವಣಗೆರೆಗೆ ಹೋದಾಗ ಈ ಸಲ ಒಳ್ಳೆಯದೇ ತಗೋ ಅಂದರು. ನಾನು ಅದೇ ಅಗ್ಗದ್ದನ್ನೇ ತಗೊಂಡೆ. ಒಡೆಯೋಕೆ ಕೊಡುವಂಥದ್ದು ಒಂದು ಹತ್ತಿರ ಇರಲಿ ಅನ್ನಿಸಿತ್ತು.

ಹುಡುಗಿ ಬಂದಳು. ಮಧ್ಯಾಹ್ನದ ಹೊತ್ತು, ಅವಳ ತವರಿನ ಮೇಲೆ ಶಿವಮೊಗ್ಗ ಕಡೆ ಹೋಗುವ ಬಸ್ಸು ಹೊರಡಲು ಇನ್ನೂ ಸಮಯವಿತ್ತು. ಒಬ್ಬಳೇ ಬಂದಿದ್ದಳು. ನಾನು ಅಷ್ಟರಲ್ಲಿ ದೊಡ್ಡ ಸೈಜಿನಲ್ಲಿ ಒಂದು ಪ್ರಿಂಟ್ ಹಾಕಿಸಿ ಇಟ್ಟಿದ್ದೆ. ಯಜಮಾನರು ಟೀ ತರುತ್ತೇನೆ ಅಂತ ಎದ್ದು ಹೋದರು.

ಫೋಟೋ ಕೈಗೆ ಕೊಟ್ಟೆ. ಅವಳು ಅಳಲಿಲ್ಲ. ಮುಷ್ಟಿ ಮುಟ್ಟಿದಳು, ಕೆನ್ನೆಯ ಬೊಟ್ಟು ಮುಟ್ಟಿದಳು. ‘ಇಲ್ಲೊಂದು ಸಣ್ಣ ಮಚ್ಚೆ ಇತ್ತಕ್ಕಾ, ಕಿವಿ ಹಿಂದೆ. ಇದರಾಗೆ ಕಾಣಂಗಿಲ್ಲ’ ಅಂದಳು. ಬಹಳ ಹೊತ್ತು ನೋಡಿದ ಮೇಲೆ, ‘ಎಲ್ಲಿ ನೋಡ್ತಾಳೆ ಇವಳು? ನನ್ನ ನೋಡ್ತಿಲ್ಲ’ ಅಂದಳು.

‘ನಿಮ್ಮ ಅತ್ತೆ ಇಟ್ರಲ್ಲ ಗಾಜಿಗೆ ಬೊಟ್ಟು, ಅದನ್ನ ನೋಡ್ತಾಳೆ.’

ಹೇಳಬಾರದಿತ್ತು. ಅವಳು ತಲೆ ಎತ್ತಿ ನನ್ನ ಮುಖವನ್ನೇ ನೋಡಿದಳು. ‘ಅಕ್ಕಾ, ಖರೇ ಹೇಳ್ರಿ. ಬೊಟ್ಟು ನಡುವೆ ಇಟ್ಟಿದ್ರೆ ಉಳೀತಿದ್ಲಾ?’

ನಾನು ರೇಗಿಬಿಟ್ಟೆ. ‘ಹುಚ್ಚಿ ಏನೇ ನೀನು? ಕಫ ಕಟ್ಟಿ ಹೋಗಿದ್ದು ಕೂಸು. ಕ್ಯಾಮೆರಾ ಏನು ಮಾಡ್ತೈತೆ? ದಿನಾ ಈ ಅಂಗಡಿಯಾಗೆ ಎಷ್ಟು ಕೂಸಿನ ಫೋಟೋ ತೆಗೀತೀವಿ, ಎಲ್ಲಾ ಸತ್ವಾ?’ ಅಂದೆ. ಬಿಳಿಚೋಡಿನಲ್ಲಿ ನುಂಗಿದ್ದೆಲ್ಲ ಅವಳ ಮೇಲೆ ಬಿತ್ತು. ಅವಳು ತಲೆ ಆಡಿಸಿದಳು. ‘ಹೂಂ. ಡಾಕ್ಟ್ರೂ ಹಂಗೇ ಅಂದ್ರು’ ಅಂದಳು. ಆದರೆ ಆ ಕಣ್ಣಲ್ಲಿ ಪ್ರಶ್ನೆ ಹಾಗೇ ಕೂತಿತ್ತು. ಫೋಟೋ ಬೇಕು ಅಂತ ನನ್ನ ಕೈ ಹಿಡಿದವಳು ಅವಳೇ ಅಲ್ಲವಾ. ಅವಳನ್ನು ಅತ್ತೆ ಬೇರೆ ದೂರಬೇಕಿತ್ತಾ? ತನ್ನನ್ನು ತಾನೇ ದೂರಿಕೊಂಡಿದ್ದಳು.

ಕವರಿಗೆ ಹಾಕಿ ಕೊಡಲು ಹೋದರೆ ಕೈ ಅಡ್ಡ ಹಿಡಿದಳು. ‘ಬ್ಯಾಡಕ್ಕಾ. ನಿಮ್ಮತ್ರಾನೇ ಇರಲಿ. ನಂಗೆ ಈ ತಿಂಗಳು ಮುಟ್ಟಾಗಿಲ್ಲ.’ ಆಮೇಲೆ ಮೆಲ್ಲಗೆ, ‘ಇದನ್ನ ಆ ಮನ್ಯಾಗೆ ಇಡಾಕೆ ನಂಗೇ ಧೈರ್ಯ ಇಲ್ಲ’ ಅಂದಳು.

ಅಂದಿನಿಂದ ಅದು ನಮ್ಮ ಗಲ್ಲಾ ಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲಿದೆ. ತವರಿಗೆ ಹೋಗುವಾಗ ಬರುವಾಗ ಅವಳು ಹೊನ್ನಾಳಿಯಲ್ಲಿ ಇಳಿಯುತ್ತಿದ್ದಳು. ಹೊಟ್ಟೆ ದೊಡ್ಡದಾಗುತ್ತಾ ಬಂತು. ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಫೋಟೋ ನೋಡುತ್ತಿದ್ದಳು. ಟೀ ಕುಡಿಯುತ್ತ ಇನ್ನೇನೇನೋ ಮಾತಾಡಿ ಎದ್ದು ಹೋಗುತ್ತಿದ್ದಳು. ಈ ಸಲ ಸೀಮಂತಕ್ಕೆ ಯಾರಿಗೂ ಫೋಟೋಕ್ಕೆ ಹೇಳಿಲ್ಲ ಅಂದಳು. ನಾನು ಕೇಳಿರಲಿಲ್ಲ, ಅವಳೇ ಹೇಳಿದಳು.

ಕೊನೆಯ ಸಲ ಬಂದಾಗ ಮಡಿಲಲ್ಲಿ ಕೂಸು. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಿದ್ದಳು. ಗಂಡ ಬಸ್ಸಿನ ಹತ್ತಿರ ಲಗೇಜು ಕಾಯುತ್ತಾ ನಿಂತಿದ್ದ. ಇದೂ ಹೆಣ್ಣು. ಅವಳು ಒಳಗೆ ಬರುವುದನ್ನು ಕಂಡು ನಾನು ಟೇಬಲ್ಲಿನ ಮೇಲಿದ್ದ ಕ್ಯಾಮೆರಾವನ್ನು ಗೋಡೆ ಕಡೆ ತಿರುಗಿಸಿಟ್ಟೆ. ಅವಳು ಅದನ್ನು ನೋಡಿ ‘ಇರಲಿ ಬಿಡ್ರಿ ಅಕ್ಕಾ’ ಅಂದಳು. ಆದರೂ ಗೋಡೆ ಕಡೆ ತಿರುಗಿಸಿದ್ದಕ್ಕೆ ಅವಳ ಬಿಗಿದ ಭುಜ ಸಡಿಲಾಯಿತು, ನನಗೆ ಕಾಣಿಸಿತು.

ಸ್ವಲ್ಪ ಹೊತ್ತು ಕೂಸಿನ ತೂಕ, ಹಾಲು, ಕೆಮ್ಮು ಅಂತ ಮಾತಾಡಿದೆವು. ಸಣ್ಣ ಕೆಮ್ಮು ಬಂದರೂ ಗಂಡ ಆಸ್ಪತ್ರೆಗೆ ಓಡುತ್ತಾನಂತೆ, ಅತ್ತೆ ಏನೂ ಅನ್ನುವುದಿಲ್ಲವಂತೆ. ನನಗೆ ಅಷ್ಟಾದರೂ ಆಯಿತಲ್ಲ ಅನ್ನಿಸಿತು. ‘ಅದನ್ನ ತೆಗೀರಿ’ ಅಂದಳು.

ಡ್ರಾಯರ್ ಎಳೆದು ಫೋಟೋ ಟೇಬಲ್ಲಿನ ಮೇಲೆ ಇಟ್ಟೆ. ಅವಳು ನೋಡುವ ಮೊದಲು ಮಡಿಲಿನ ಕೂಸನ್ನು ತನ್ನ ಕಡೆ ತಿರುಗಿಸಿಕೊಂಡಳು. ಮುಖವನ್ನು ಎದೆಗೆ ಒತ್ತಿಕೊಂಡಳು, ಮೇಲೆ ಸೆರಗು ಎಳೆದಳು, ಅದರ ಮೇಲೆ ಅಂಗೈ ಅಡ್ಡ ಇಟ್ಟಳು. ‘ನಿಮ್ಮಕ್ಕನ ಕಣ್ಣು ಬೀಳಬಾರ್ದು ನಿಂಗೆ, ನನ್ನವ್ವಾ’ ಅಂದಳು. ನನಗೆ ಹೇಳಿದ್ದಲ್ಲ, ಎದೆಯಲ್ಲಿದ್ದ ಕೂಸಿಗೆ ಹೇಳಿದ್ದು.

ಅಯ್ಯೋ, ಅದು ನಿಮ್ಮಲ್ಲಿ ಯಾರನ್ನೂ ನೋಡುತ್ತಿಲ್ಲ ಕಣೇ, ಆ ಬೊಟ್ಟನ್ನು ನೋಡುತ್ತಿದೆ ಅಂತ ಕೂಗಬೇಕೆನ್ನಿಸಿತು. ಅವಳು ಒಂದು ಕೈಯಿಂದ ಬದುಕಿರುವುದನ್ನು ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಇಲ್ಲದಿರುವುದರ ಕೆನ್ನೆ ಸವರಿದಳು.

ಹೊರಗೆ ಬಸ್ಸಿನ ಹಾರನ್ ಆಯಿತು. ಅವಳು ಎದ್ದಳು. ‘ಇನ್ನು ಬರಾಕಾಗಲ್ಲಕ್ಕಾ. ಇದನ್ನ ಎತ್ತಿಕೊಂಡು ಇಲ್ಲಿಗೆ ಬಂದ್ರೆ ಭಯ ಆಗ್ತೈತೆ, ಬಿಟ್ಟು ಬರಾಕೂ ಆಗಲ್ಲ’ ಅಂದಳು. ಬಾಗಿಲವರೆಗೆ ಹೋಗಿ ತಿರುಗಿದಳು. ಅಂಗೈ ಇನ್ನೂ ಸೆರಗಿನ ಮೇಲೇ ಇತ್ತು.

‘ನೀವು ಆಗಾಗ ತೆಗೆದು ನೋಡ್ತಿರ್ರಿ. ಯಾರೂ ನೋಡದಂಗೆ ಬಿಡಬ್ಯಾಡ್ರಿ ಅವಳನ್ನ.’

ಬೆಳಗ್ಗೆ ಅಂಗಡಿ ಬಾಗಿಲು ತೆಗೆದು, ಕಸ ಗುಡಿಸಿ, ಗಲ್ಲಾಕ್ಕೆ ಊದುಬತ್ತಿ ಹಚ್ಚಿದ ಮೇಲೆ ನಾನು ಡ್ರಾಯರ್ ಎಳೆದು ನೋಡುತ್ತೇನೆ. ನೋಡಿ ಮುಚ್ಚಿಡುತ್ತೇನೆ.